ಪ್ರಾಸ್ಟೇಟ್ ಆಪರೇಷನ್: 5 ವರ್ಷದಾಚೆಯ ಫಲಿತಾಂಶ ನೋಡಿ ಆರಿಸಿಕೊಳ್ಳುವುದು ಹೇಗೆ

ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರದ ದಾರಿ ಕಟ್ಟಿಕೊಂಡವರಿಗೆ ಈಗ ಹೊಟ್ಟೆ ಕೊಯ್ಯದೆ, ಮೂತ್ರನಾಳದ ಮೂಲಕವೇ ಮಾಡುವ ಚಿಕಿತ್ಸೆಗಳು ಹಲವಿವೆ. 3 ತಿಂಗಳ ಹೊತ್ತಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಯಾವುದು ಬಾಳಿಕೆ ಬರುತ್ತದೆ ಎಂಬುದು ತಿಳಿಯುವುದು ವರ್ಷಗಳು ಕಳೆದ ಮೇಲೆ. ಹಾಗಾಗಿ ಡಾಕ್ಟರರನ್ನು ಮೊದಲು ಕೇಳಬೇಕಾದ ಪ್ರಶ್ನೆ: 5 ವರ್ಷದೊಳಗೆ ಮತ್ತೆ ಆಪರೇಷನ್ ಬೇಕಾಗುವವರು ನೂರಕ್ಕೆ ಎಷ್ಟು ಮಂದಿ?

ಅದಕ್ಕೂ ಮುಂಚೆ ನಿಮ್ಮ ಈಗಿನ ಸ್ಥಿತಿಯನ್ನು ಅಂಕಿಯಲ್ಲಿ ಬರೆಸಿಕೊಳ್ಳಿ. ಮೂತ್ರದ ತೊಂದರೆ ಎಷ್ಟಿದೆ ಎಂದು ಅಳೆಯುವ ಐಪಿಎಸ್‌ಎಸ್ ಪ್ರಶ್ನಾವಳಿಯಲ್ಲಿ 7 ಪ್ರಶ್ನೆ, ಒಟ್ಟು 35 ಅಂಕ. 8ರಿಂದ 19 ಮಧ್ಯಮ, 20 ಅಥವಾ ಹೆಚ್ಚಾದರೆ ತೀವ್ರ. ಮೂತ್ರದ ಧಾರೆಯ ವೇಗ ಅಳೆಯುವ ಯೂರೋಫ್ಲೋ ಪರೀಕ್ಷೆಗೆ ಮೂತ್ರಕೋಶ ತುಂಬಿಸಿಕೊಂಡೇ ಹೋಗಿ. 150 ಮಿಲಿಗಿಂತ ಕಡಿಮೆ ಹೋದರೆ ಆ ಗ್ರಾಫ್ ನಂಬುವಂತಿಲ್ಲ. ಸೆಕೆಂಡಿಗೆ 10 ಮಿಲಿಗಿಂತ ಕಡಿಮೆ ವೇಗ ಬಂದರೆ ತಡೆ ಇರಬಹುದು, ಆದರೆ ಮೂತ್ರಕೋಶದ ಸ್ನಾಯು ಸೋತಿದ್ದರೂ ಅಷ್ಟೇ ಬರುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆ ಇರುವವರು, ಮೂತ್ರ ಮಾಡಿದ ಮೇಲೂ ತುಂಬಾ ಉಳಿಯುವವರು ಮೂತ್ರಕೋಶದ ಒತ್ತಡ ಅಳೆಯುವ ಯೂರೋಡೈನಾಮಿಕ್ ಪರೀಕ್ಷೆ ಬೇಕೇ ಎಂದು ಕೇಳಲೇಬೇಕು. ಸ್ನಾಯುವಿಗೆ ಒತ್ತುವ ಶಕ್ತಿ ಇಲ್ಲದಿದ್ದರೆ ದಾರಿ ಎಷ್ಟು ಅಗಲ ಮಾಡಿದರೂ ಧಾರೆ ಬರುವುದಿಲ್ಲ. ಆಪರೇಷನ್ ಆದ ಮೇಲೂ "ಏನೂ ಉಪಯೋಗವಾಗಲಿಲ್ಲ" ಎನ್ನುವವರಲ್ಲಿ ಅನೇಕರ ತೊಂದರೆ ಇದೇ.

ಈಗ ಬಾಳಿಕೆಗೆ ಬರೋಣ. ತಂತಿ ಕುಣಿಕೆಯಿಂದ ಒಳಗಿನ ಗಡ್ಡೆಯನ್ನು ಕೆರೆದು ತೆಗೆಯುವ ಟಿಯುಆರ್‌ಪಿಗೆ ದಶಕಗಳ ದಾಖಲೆ ಇದೆ. ಮರು ಆಪರೇಷನ್ ವರ್ಷಕ್ಕೆ ನೂರರಲ್ಲಿ ಒಬ್ಬಿಬ್ಬರಿಗೆ. ಲೇಸರ್‌ನಿಂದ ಇಡೀ ಗಡ್ಡೆಯನ್ನೇ ಬಿಡಿಸಿ ತೆಗೆಯುವ ಹೋಲೆಪ್‌ನಲ್ಲಿ ಅದು ಇನ್ನೂ ಅಪರೂಪ, ಗ್ರಂಥಿ ಎಷ್ಟೇ ದೊಡ್ಡದಿದ್ದರೂ ನಡೆಯುತ್ತದೆ. ಆದರೆ ಮೊದಲ ಕೆಲವು ವಾರ ಕೆಮ್ಮಿದಾಗ, ಎದ್ದಾಗ ಮೂತ್ರ ಸೋರಬಹುದು. ಎರಡರಲ್ಲೂ ಬಹುಪಾಲು ಮಂದಿಗೆ ವೀರ್ಯ ಹೊರಬರದೆ ಮೂತ್ರಕೋಶಕ್ಕೆ ಹಿಮ್ಮೆಟ್ಟುತ್ತದೆ, ಇದನ್ನು ಮುಂಚೆಯೇ ತಿಳಿದಿರಬೇಕು.

ವೀರ್ಯಸ್ಖಲನ ಉಳಿಯಬೇಕು ಎನ್ನುವವರು ನೋಡುವುದು ಯುರೋಲಿಫ್ಟ್ ಮತ್ತು ರೆಝೂಮ್. ಗ್ರಂಥಿಯನ್ನು ಕ್ಲಿಪ್‌ನಿಂದ ಬದಿಗೆ ಎಳೆದು ಹಿಡಿಯುವ ಯುರೋಲಿಫ್ಟ್‌ನ ಪ್ರಯೋಗದಲ್ಲಿ 5 ವರ್ಷದೊಳಗೆ 13.6% ಮಂದಿಗೆ ಮತ್ತೆ ಆಪರೇಷನ್ ಬೇಕಾಯಿತು. ಹಬೆಯಿಂದ ಗಡ್ಡೆ ಕುಗ್ಗಿಸುವ ರೆಝೂಮ್‌ನಲ್ಲಿ 4.4% ಮಂದಿ ಮತ್ತೆ ಆಪರೇಷನ್ ಮಾಡಿಸಿಕೊಂಡರು, 11.1% ಮಂದಿ ಮಾತ್ರೆಗೆ ಮರಳಿದರು. ಈ ಎರಡನೇ ಅಂಕಿಯನ್ನು ಕೇಳುವುದು ಮರೆಯಬೇಡಿ. ಎರಡೂ ಪ್ರಯೋಗಗಳಿಗೆ ಸೇರಿಸಿಕೊಂಡದ್ದು 30ರಿಂದ 80 ಸಿಸಿ (ಅಂದರೆ ಮಿಲಿ) ಗಾತ್ರದ ಗ್ರಂಥಿ ಇದ್ದವರನ್ನು ಮಾತ್ರ. ನಿಮ್ಮ ಸ್ಕ್ಯಾನಿಂಗ್‌ನಲ್ಲಿ 110 ಸಿಸಿ ಎಂದಿದ್ದರೆ ಈ ಲೆಕ್ಕ ನಿಮ್ಮದಲ್ಲ. ಜೊತೆಗೆ, 5ನೇ ವರ್ಷದ ಸರಾಸರಿಯಲ್ಲಿ ಮಧ್ಯೆ ಬಿಟ್ಟುಹೋದವರನ್ನೂ ಮರುಚಿಕಿತ್ಸೆ ಪಡೆದವರನ್ನೂ ಹೇಗೆ ಎಣಿಸಿದ್ದಾರೆ ನೋಡಿ. ಚೆನ್ನಾಗಿರುವವರನ್ನಷ್ಟೇ ಎಣಿಸಿದರೆ ಸರಾಸರಿ ಚೆನ್ನಾಗಿಯೇ ಇರುತ್ತದೆ.

ಆಪರೇಷನ್ ಆದ ಮೇಲೆ 3 ತಿಂಗಳಿಗೆ ಅದೇ ಪ್ರಶ್ನಾವಳಿ, ಯೂರೋಫ್ಲೋ, ಉಳಿಕೆ ಮೂತ್ರದ ಸ್ಕ್ಯಾನಿಂಗ್ ಮಾಡಿಸಿ, ಮುಂದೆ ವರ್ಷಕ್ಕೊಮ್ಮೆ. ಎಲ್ಲ ರಿಪೋರ್ಟನ್ನೂ ಒಂದೇ ಫೈಲಿನಲ್ಲಿಡಿ. ಮೊದಲ ಒಂದೆರಡು ವರ್ಷದಲ್ಲೇ ಚೆನ್ನಾಗಿದ್ದ ಧಾರೆ ಸಣ್ಣಗಾಗುತ್ತ ಬಂದರೆ ಮೂತ್ರನಾಳ ಅಥವಾ ಮೂತ್ರಕೋಶದ ಕುತ್ತಿಗೆ ಕಲೆಗಟ್ಟಿ ಕಿರಿದಾಗಿರುವ ಸಾಧ್ಯತೆ ಹೆಚ್ಚು. ಹಲವು ವರ್ಷದ ನಂತರ ನಿಧಾನವಾಗಿ ಕುಗ್ಗಿದರೆ ಉಳಿದ ಗಡ್ಡೆ ಮತ್ತೆ ಬೆಳೆದಿರಬಹುದು. ಧಾರೆ ಜೋರಾಗಿದ್ದು ಅವಸರ ಮಾತ್ರ ತಡೆಯಲಾಗದಿದ್ದರೆ ಮೂತ್ರಕೋಶವೇ ಅತಿಚಟುವಟಿಕೆಯಲ್ಲಿರಬಹುದು. ಸಾಮಾನ್ಯವಾಗಿ ಅದಕ್ಕೆ ಮಾತ್ರೆ ಸಾಕು, ಮತ್ತೆ ಕೆರೆಯುವ ಅಗತ್ಯ ಇರುವುದಿಲ್ಲ.

ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವಿಗಾಗಿ ನೋಡುವ ಪಿಎಸ್‌ಎ ರಕ್ತಪರೀಕ್ಷೆಯನ್ನೂ ನಿಲ್ಲಿಸಬೇಡಿ. ಟಿಯುಆರ್‌ಪಿ, ಹೋಲೆಪ್‌ನಲ್ಲಿ ತೆಗೆಯುವುದು ಒಳಭಾಗವನ್ನು. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವ ಹೊರಭಾಗ ಹಾಗೇ ಉಳಿದಿರುತ್ತದೆ. ಹೋಲೆಪ್ ನಂತರ ಪಿಎಸ್‌ಎ 6 ಇದ್ದದ್ದು 0.8ಕ್ಕೆ ಇಳಿಯಿತು ಎನ್ನಿ. 2 ವರ್ಷ ಬಿಟ್ಟು 3 ಬಂದರೆ, 4ರೊಳಗಿದೆ ಎಂದು ಲ್ಯಾಬ್ ಅದನ್ನು ನಾರ್ಮಲ್ ಎಂದೇ ಅಚ್ಚು ಹಾಕಿರುತ್ತದೆ. ನಿಮಗೆ ಅದು ನಾರ್ಮಲ್ ಅಲ್ಲ. ಹಳೆಯ ರಿಪೋರ್ಟ್ ಜೊತೆಗಿಟ್ಟುಕೊಂಡು ಯೂರಾಲಜಿಸ್ಟರನ್ನು ಕಾಣಿ.