ಫೋಮ್ ಗದೆಗೆ ಚಿನ್ನದ ಬಣ್ಣ: ನನ್ನ ಅನುಭವ

ಕಳೆದ ಆಗಸ್ಟ್‌ನಲ್ಲಿ ಜರ್ಮನಿಯ ಬ್ರೋಕೆಲೋ ಮೈದಾನದಲ್ಲಿ ನಡೆದ ಲಾರ್ಪ್‌ನಲ್ಲಿ, ಅಂದರೆ ವೇಷ ಹಾಕಿ ಫೋಮ್ ಆಯುಧ ಹಿಡಿದು ಆಡುವ ಅಣಕು ಯುದ್ಧದಲ್ಲಿ, ನನ್ನ ಗದೆ ನಾಲ್ಕೈದು ದಿನ ಪೆಟ್ಟು ಕೊಟ್ಟು, ಪೆಟ್ಟು ತಿಂದು, ಒಂದು ರಾತ್ರಿಯಿಡೀ ಮಳೆಯಲ್ಲಿ ನೆನೆದು, ಒಂದು ಬಿರುಕೂ ಇಲ್ಲದೆ ಮನೆಗೆ ಬಂದಿತು. ಫೋಮಿಗೆ ಬಳಿಯುವ ಲ್ಯಾಟೆಕ್ಸ್ (ರಬ್ಬರ್ ಹಾಲು) ಮೇಲೆ ಚಿನ್ನದ ಬಣ್ಣ ನಿಲ್ಲುವುದಿಲ್ಲ, ಕಂದು ಬಳಿದು ಮುಗಿಸು ಎಂದಿದ್ದ ತಂಡದವರೇ ಈಗ ವಿಧಾನ ಕೇಳುತ್ತಿದ್ದಾರೆ. ಕೋಲು, ಫೋಮ್, ಅಂಟಿನ ಕೆಲಸ ನಿಮಗೆಲ್ಲ ಗೊತ್ತಿರುವುದೇ. ಲೇಪದ ವಿಷಯವನ್ನಷ್ಟೇ ಬರೆಯುತ್ತೇನೆ.

ಮೊದಲ ಗದೆಗೆ ಕಂಚಿನ ಪುಡಿಯನ್ನು ಲ್ಯಾಟೆಕ್ಸ್‌ನಲ್ಲಿ ಕಲಸಿ ಬಳಿದೆ. ದೇವಸ್ಥಾನದ ಕಲಶದ ಹಾಗೆ ಹೊಳೆಯಿತು. ಮೂರು ತಿಂಗಳಲ್ಲಿ ಮೈಯೆಲ್ಲ ಜಿಗುಟಾಯಿತು, ಆಮೇಲೆ ಸೀಳಿತು. ಲ್ಯಾಟೆಕ್ಸ್ ಕಳಪೆ ಇರಬೇಕೆಂದು ದುಬಾರಿ ಡಬ್ಬಿ ತಂದೆ. ಎರಡನೆಯದೂ ಹಾಗೆಯೇ ಹೋಯಿತು. ಅಲ್ಲಿಗೆ ಸುಮಾರು 90 ಯೂರೊ ನೀರುಪಾಲು.

ಉತ್ತರ ಸಿಕ್ಕಿದ್ದು ಸುಳ್ಯದ ನಮ್ಮ ರಬ್ಬರ್ ತೋಟದಿಂದ. ಫೋನಿನಲ್ಲಿ ಅಪ್ಪ ಕೇಳಿದರು: “ಕಂಚೆಂದರೆ ತಾಮ್ರವಲ್ಲವೇ? ಮೈಲುತುತ್ತಿನ ಕೈಯಲ್ಲಿ ರಬ್ಬರ್ ಹಾಲು ಮುಟ್ಟಬೇಡ ಎಂದು ಚಿಕ್ಕಂದಿನಲ್ಲಿ ಎಷ್ಟು ಸಲ ಹೇಳಿದ್ದೆ?” ಮೈಲುತುತ್ತಿನಲ್ಲಿರುವುದೂ ತಾಮ್ರವೇ, ತಾಮ್ರ ರಬ್ಬರನ್ನು ಕೊಳೆಸುತ್ತದೆ. ರಬ್ಬರ್ ಹಾಲಿನ ವಾಸನೆಯಲ್ಲೇ ಬೆಳೆದ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಮೂರನೆಯದಕ್ಕೆ ಮೈಕಾದಿಂದ ಮಾಡಿದ ಚಿನ್ನದ ಪುಡಿ ತರಿಸಿದೆ. ಅಡಿಗೆ ಕಡು ಕಂದು, ಮೇಲೆ ಚಿನ್ನ. ಒಟ್ಟು ಏಳೆಂಟು ತೆಳು ಪದರ. ಕಂದಿಗೆ ಒಂದು ಪಾಲು ಆ್ಯಕ್ರಿಲಿಕ್ ಬಣ್ಣಕ್ಕೆ ಮೂರು ಪಾಲು ಲ್ಯಾಟೆಕ್ಸ್, ಕಣ್ಣಳತೆಯಲ್ಲಿ. ಮೊದಲು ಒಂದು ಚಮಚದಲ್ಲಿ ಕಲಸಿ ನೋಡಿ. ಕೆಲವು ಬಣ್ಣ ಬಿದ್ದರೆ, ತೋಟದಲ್ಲಿ ರಬ್ಬರ್ ಶೀಟ್ ಮಾಡಲು ಫಾರ್ಮಿಕ್ ಆ್ಯಸಿಡ್ ಹಾಕಿದಂತೆ, ಲ್ಯಾಟೆಕ್ಸ್ ಹೆಪ್ಪುಗಟ್ಟುತ್ತದೆ. ನನ್ನದು ಅರ್ಧ ಲೀಟರ್ ಹಾಗೆ ಹೋಯಿತು. ಜನವರಿಯಲ್ಲಿ ನೆಲಮಾಳಿಗೆಯಲ್ಲಿಟ್ಟ ಇನ್ನೊಂದು ಡಬ್ಬಿ ಚಳಿಗೆ ಗಟ್ಟಿಯಾಗಿ ಹಾಳಾಯಿತು. ಅವಸರಕ್ಕೆ ಕೂದಲು ಒಣಗಿಸುವ ಯಂತ್ರ ಹಿಡಿದಾಗ ಮೇಲೆ ಕೆನೆಗಟ್ಟಿ ಒಳಗೆ ಗುಳ್ಳೆ ಎದ್ದಿತು. ಪದರಕ್ಕೆ ಎರಡು ಗಂಟೆ ಕೊಡಲೇಬೇಕು.

ಮೇಲಿನ ರಕ್ಷಣೆಗೆ ಐಸೋಫ್ಲೆಕ್ಸ್ ಪ್ರೈಮರ್ ಎಂಬ ಲೇಪ, ಎರಡು ಕೈ, ಬಾಲ್ಕನಿಯಲ್ಲಿ ನಿಂತು. ಕೊನೆಯ ಲ್ಯಾಟೆಕ್ಸ್ ಬಳಿದ ಮೇಲೆ ಎರಡು ದಿನ ಕಾಯದಿದ್ದರೆ ಅಡಿಯ ತೇವಕ್ಕೆ ಮೈ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಚಿನ್ನದ ಪುಡಿಯನ್ನು ನಾನು ಯಾವ ಪದರದಲ್ಲಿ, ಯಾವುದರ ಜೊತೆ ಸೇರಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡು ಚಳಿಗಾಲ ತೆತ್ತು ಕಲಿತದ್ದು ಅದು.

ಹಿಡಿಯ ಮೇಲೊಂದು ಪ್ರಯೋಗವನ್ನೂ ಮಾಡಿದೆ. ಊರಿನಿಂದ ತಂದಿದ್ದ ಅಡಿಕೆ ಹಾಳೆಯ ಮೇಲೆ ಲ್ಯಾಟೆಕ್ಸ್ ಸುರಿದು, ಒಣಗಿದ ಮೇಲೆ ಸುಲಿದೆ. ಹಾಳೆಯ ಗೆರೆಗಳೆಲ್ಲ ಅಚ್ಚಾಗಿ ಬಂದವು. ಅದನ್ನು ಹಿಡಿಗೆ ಸುತ್ತಿ ಅಂಟಿಸಿದರೆ ಬೆವರಿದ ಕೈಯೂ ಜಾರುವುದಿಲ್ಲ. ಆಯುಧ ಪರೀಕ್ಷಿಸುವವರು ತುದಿ ಒತ್ತಿ, ಕೋಲು ಬಾಗಿಸಿ, ಕೊನೆಗೆ ಹಿಡಿಯನ್ನೇ ತಿರುಗಿಸಿ ತಿರುಗಿಸಿ ನೋಡಿದರು.

ಈ ಗದೆಗೆ ಬಿದ್ದದ್ದು 35 ಯೂರೊ ಆಸುಪಾಸು. ಈಗ ಅದೇ ಹಾಳೆಯ ಅಚ್ಚಿನಿಂದ ಗುರಾಣಿಯ ಮುಖ ಮಾಡುತ್ತಿದ್ದೇನೆ. ಅಂಚು ಇನ್ನೂ ಏಳುತ್ತಿದೆ.