ಕಂಟ್ರಾಕ್ಟರ್‌ನ ಕರೆಯುವ ಮೊದಲು ನಾನೇ ಬರೆದ ಪಟ್ಟಿ

ಹಳೇ ಮನೆಯ ಬಚ್ಚಲು, ಅಡುಗೆಮನೆ ಎರಡನ್ನೂ ಒಡೆದು ಹೊಸದಾಗಿ ಮಾಡಿಸಬೇಕಿತ್ತು. ಮೂರು ಕಡೆ ಕೊಟೇಶನ್ ತಗೊಳ್ಳಿ ಅಂತ ಎಲ್ಲರೂ ಹೇಳಿದರು. ಆದರೆ ಒಬ್ಬರು ಟೈಲ್ಸ್ ಸೇರಿಸಿ ರೇಟ್ ಹೇಳುತ್ತಾರೆ, ಇನ್ನೊಬ್ಬರು ಬರೀ ಕೂಲಿ ಹೇಳುತ್ತಾರೆ. ಹೋಲಿಸುವುದು ಹೇಗೆ? ಅದಕ್ಕೇ ಪಟ್ಟಿ ನಾನೇ ಬರೆದೆ.

ಹಳೇ ಟೈಲ್ಸ್ ಕೀಳುವುದು, ಒಡೆದ ಕಲ್ಲುಮಣ್ಣು ಸಾಗಿಸುವುದು, ಪೈಪ್ ಬದಲಿಸುವುದು, ವಾಟರ್‌ಪ್ರೂಫಿಂಗ್ (ಬಚ್ಚಲಿನ ನೀರು ಕೆಳಗೆ ಇಳಿಯದಂತೆ ಪದರ ಬಳಿಯುವುದು), ವೈರಿಂಗ್ ಎಷ್ಟು ಪಾಯಿಂಟ್, ಗೋಡೆಗೆ ಟೈಲ್ಸ್ ಎಷ್ಟು ಎತ್ತರಕ್ಕೆ, ಯಾವ ಸಾಮಾನು ಯಾರದು. ಮೂವರಿಗೂ ಅದೇ ಹಾಳೆ ಕೊಟ್ಟು, ಒಂದೊಂದರ ಎದುರೂ ರೇಟ್ ಬರೆಯಲು ಹೇಳಿದೆ. ಎಲ್ಲರಿಗಿಂತ ಕಡಿಮೆ ಹೇಳಿದವರ ಹಾಳೆಯಲ್ಲಿ ಕಲ್ಲುಮಣ್ಣು ಸಾಗಣೆ, ವಾಟರ್‌ಪ್ರೂಫಿಂಗ್ ಎರಡೂ ಖಾಲಿ. ಕೇಳಿದರೆ "ಅದು ಆಮೇಲೆ ನೋಡೋಣ ಬಿಡಿ ಸಾರ್" ಅಂದರು. ಈ 'ಆಮೇಲೆ'ಯೇ ಕೊನೆಗೆ ಜಾಸ್ತಿ ಬಿಲ್ ಆಗುವುದು, ಅಲ್ವಾ?

ಫೋಟೋ ನೋಡಿ ಯಾರನ್ನೂ ಒಪ್ಪಲಿಲ್ಲ. ಒಂದೆರಡು ವರ್ಷ ಹಿಂದೆ ಮುಗಿಸಿದ ಮನೆ ತೋರಿಸಿ ಅಂದೆ. ಹೊಸ ಕೆಲಸ ಎಲ್ಲವೂ ಚೆಂದ ಕಾಣುತ್ತದೆ. ಅಲ್ಲಿ ಬಚ್ಚಲಿನ ಟೈಲ್ಸ್ ತಟ್ಟಿ ನೋಡಿದೆ; ಟೊಳ್ಳು ಸದ್ದು ಬಂದರೆ ಹಿಂದೆ ಗಾರೆ ಸರಿಯಾಗಿ ತುಂಬಿಲ್ಲ ಅಂತ. ಆ ಮನೆಯವರನ್ನು ನಾನು ಕೇಳಿದ್ದು ಒಂದೇ: ದುಡ್ಡೆಲ್ಲ ಕೊಟ್ಟ ಮೇಲೂ ಇವರು ಫೋನ್ ಎತ್ತಿದರಾ?

ಅಡ್ವಾನ್ಸ್ ಚಿಕ್ಕದು. ಆಮೇಲಿನ ಕಂತುಗಳೆಲ್ಲ ತಾರೀಖಿಗಲ್ಲ, ಮುಗಿದ ಕೆಲಸಕ್ಕೆ. ಕೊನೆಯ 10% ಹಿಡಿದಿಟ್ಟು, ನಲ್ಲಿ, ಸ್ವಿಚ್ಚು ಎಲ್ಲ ಬಳಸಿ ನೋಡಿ ಕೊಡುವುದು ಅಂತ ಬರೆದುಕೊಂಡೆವು.

ಒಪ್ಪಂದದಲ್ಲಿ ನಾನು ಹಟ ಹಿಡಿದು ಸೇರಿಸಿದ್ದು ನೀರು ನಿಲ್ಲಿಸುವ ಪರೀಕ್ಷೆ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, ಟೈಲ್ಸ್ ಹಾಕುವ ಮೊದಲು, ನೀರು ಹೋಗುವ ಬಾಯಿ ಮುಚ್ಚಿ ಬಚ್ಚಲಲ್ಲಿ ನೀರು ತುಂಬಿಸಬೇಕು. 48 ಗಂಟೆ ಹಾಗೇ ಬಿಟ್ಟು ಕೆಳಗಿನ ಚಾವಣಿ ನೋಡಬೇಕು. "ಸುಮ್ನೆ ಎರಡು ದಿನ ಕೆಲಸ ನಿಲ್ಲುತ್ತೆ" ಅಂತ ಮೇಸ್ತ್ರಿ ಗೊಣಗಿದರು. ಬರೆದಾಗಿತ್ತಲ್ಲ, ವಾದ ಬೆಳೆಯಲಿಲ್ಲ. ನೋಡಿದರೆ ಪೈಪ್ ಇಳಿಯುವ ಜಾಗದ ಸುತ್ತ ತೇವ! ಮರುಮಾತಿಲ್ಲದೆ ಅವರೇ ಸರಿ ಮಾಡಿ, ಮತ್ತೆ ನೀರು ನಿಲ್ಲಿಸಿ ತೋರಿಸಿದರು. ಟೈಲ್ಸ್ ಹಾಕಿದ ಮೇಲೆ ಇದು ಗೊತ್ತಾಗಿದ್ದರೆ ಮತ್ತೆ ಸುತ್ತಿಗೆ ಹಿಡಿಯಬೇಕಿತ್ತು.

ಅಡುಗೆಮನೆ ಗೋಡೆ ಒಡೆದು ಹಾಲ್‌ಗೆ ಸೇರಿಸೋಣ ಅಂತ ಕಂಟ್ರಾಕ್ಟರ್ ಸಲೀಸಾಗಿ ಹೇಳಿದ್ದರು. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿದರೆ ಅದು ಮೇಲಿನ ಭಾರ ಹೊತ್ತ ಗೋಡೆ. ಆ ಆಸೆ ಅಲ್ಲಿಗೇ ಬಿಟ್ಟೆವು.

ಮಧ್ಯದಲ್ಲಿ ಹೊಸ ಕೆಲಸ ಹುಟ್ಟಿಕೊಳ್ಳುವುದನ್ನು ತಪ್ಪಿಸಲು ಆಗುವುದಿಲ್ಲ. ಏನು ಕೆಲಸ, ಎಷ್ಟು ದುಡ್ಡು, ಎಷ್ಟು ದಿನ ಅಂತ ಮೊದಲು ಮೆಸೇಜ್, ನನ್ನಿಂದ 'ಸರಿ' ಅಂತ ಉತ್ತರ ಹೋದ ಮೇಲೇ ಕೆಲಸ ಶುರು.

ಇನ್ನೊಂದು. ಪ್ಲಾಸ್ಟರ್ ಮಾಡುವ ಮೊದಲು ಪೈಪ್, ವೈರ್ ಹೋದ ದಾರಿಗೆ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟೆ. ಮೊನ್ನೆ ಗೀಸರ್ ಕೂರಿಸಲು ಬಂದವರು ಡ್ರಿಲ್ ಎಲ್ಲಿ ಹಾಕಲಿ ಅಂತ ಕೇಳಿದಾಗ ತೋರಿಸಿದ್ದು ಆ ಫೋಟೋಗಳನ್ನೇ.