168 ಗಂಟೆ, ಕಾರವಾರದ ಜೂನ್ ತಿಂಗಳಲ್ಲಿ

ಮೀನುಗಾರಿಕೆ ಬೋಟಿನ ತಳದಲ್ಲಿ ಸೇರುವ ನೀರು ಒಂದು ಮಟ್ಟಕ್ಕೆ ಬಂದೊಡನೆ ಪಂಪನ್ನು ತಾನಾಗಿ ಚಾಲೂ ಮಾಡುವ ಸಣ್ಣ ನಿಯಂತ್ರಣ ಪೆಟ್ಟಿಗೆಗಳನ್ನು ನಾನು ಕಾರವಾರದ ಶಿರವಾಡದಲ್ಲಿ ತಯಾರಿಸುತ್ತೇನೆ. ನನ್ನ ಜೊತೆ ಐಟಿಐ ಮುಗಿಸಿದ ಇಬ್ಬರು ಹುಡುಗಿಯರಿದ್ದಾರೆ, ಚಿಪ್‌ಗಳನ್ನು ಬೋರ್ಡಿಗೆ ಬೆಸೆಯಲು ಮೇಜಿನ ಮೇಲಿಡುವಷ್ಟು ಚಿಕ್ಕದಾದ ಒಂದು ರಿಫ್ಲೋ ಓವನ್ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಅವೆಲ್ಲ ದಡ ಸೇರಿರುತ್ತವೆ, ದುರಸ್ತಿ, ಬಣ್ಣ, ಹೊಸ ಸಾಮಾನು ಜೋಡಿಸುವುದು ಎಲ್ಲವೂ ಆಗಲೇ ನಡೆಯುತ್ತದೆ. ಹೀಗಾಗಿ ವರ್ಷದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಎರಡು ತಿಂಗಳು ನಮಗೆ ಅತಿ ಹೆಚ್ಚು ಕೆಲಸದ ತಿಂಗಳುಗಳೂ ಹೌದು. ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟಿದ್ದು.

ಮೊದಲ ಕೆಲವು ವರ್ಷ ಮಾನಕ ಎಂದರೆ ನನಗೆ ಐಎಸ್‌ಐ ಗುರುತು ಮಾತ್ರವಾಗಿತ್ತು. 2012ರ ಆದೇಶದ ಪ್ರಕಾರ ಕೆಲವು ಎಲೆಕ್ಟ್ರಾನಿಕ್ ಸರಕುಗಳಿಗೆ ಭಾರತೀಯ ಮಾನಕ ಬ್ಯೂರೋದಲ್ಲಿ, ಅಂದರೆ ಬಿಐಎಸ್‌ನಲ್ಲಿ, ಕಡ್ಡಾಯ ನೋಂದಣಿ ಬಂದಾಗ ಪಟ್ಟಿಯನ್ನು ನೋಡಿದ್ದೆ, ನನ್ನ ಪೆಟ್ಟಿಗೆ ಅದರಲ್ಲಿರಲಿಲ್ಲ, ಅಲ್ಲಿಗೆ ಆ ವಿಷಯವನ್ನು ಮುಗಿಸಿಬಿಟ್ಟಿದ್ದೆ.

ಒಂದು ಮಳೆಗಾಲದಲ್ಲಿ ಮಾಡಿದ 60 ಬೋರ್ಡುಗಳಲ್ಲಿ 11 ಬೋರ್ಡುಗಳು ದೀಪಾವಳಿಯೊಳಗೆ ವಾಪಸು ಬಂದವು. ಮೇಜಿನ ಮೇಲಿಟ್ಟು ನೋಡಿದರೆ ಕೆಲಸ ಮಾಡುತ್ತಿದ್ದವು, ಬೋಟಿನ ಎಂಜಿನ್ ಬಿಸಿ ತಾಗಿದೊಡನೆ ನಿಲ್ಲುತ್ತಿದ್ದವು. ಒಂದನ್ನು ತಂದುಕೊಟ್ಟ ವಯಸ್ಸಾದ ತಾಂಡೇಲರೊಬ್ಬರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, ‘ನಿನ್ನ ಪೆಟ್ಟಿಗೆ ದಡದ ಮೇಲೆ ಚಲೋ ಓಡ್ತದೆ ಮಾರಾಯ, ಆದರೆ ನೀರು ಬರೋದು ಸಮುದ್ರದಾಗೆ’ ಎಂದರು. ಉಪ್ಪುಗಾಳಿಯೇ ಕಾರಣವೆಂದು ನಾನು ಮೊದಲು ತೀರ್ಮಾನಿಸಿದ್ದೆ, ನಮ್ಮ ಕರಾವಳಿಯಲ್ಲಿ ಏನು ಕೆಟ್ಟರೂ ಉಪ್ಪಿನ ಮೇಲೆ ಹಾಕುವುದು ಸುಲಭ. ಆದರೆ ಕೆಟ್ಟ ಬೋರ್ಡುಗಳ ಬೆಸುಗೆಯಲ್ಲಿ ಹಸಿರು ಕಿಲುಬು ಎಲ್ಲಿಯೂ ಇರಲಿಲ್ಲ. ಭೂತಗನ್ನಡಿ ಹಿಡಿದು ಅಡ್ಡ ಬೆಳಕಿನಲ್ಲಿ ನೋಡಿದಾಗ ಎರಡು ಚಿಪ್‌ಗಳ ಮೈಯ ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿತು.

ಆ ಬಿರುಕಿನ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಜೆ-ಎಸ್‌ಟಿಡಿ-020 ಮತ್ತು ಜೆ-ಎಸ್‌ಟಿಡಿ-033 ಎಂಬ ಎರಡು ಮಾನಕಗಳು. ಇವುಗಳನ್ನು ಐಪಿಸಿ ಮತ್ತು ಜೆಡೆಕ್ ಎಂಬ ಎರಡು ಉದ್ಯಮ ಸಂಘಟನೆಗಳು ಸೇರಿ ರೂಪಿಸಿವೆ. ಐಪಿಸಿ 1957ರಲ್ಲಿ ಅಮೆರಿಕದ ಆರು ಪ್ರಿಂಟೆಡ್ ಸರ್ಕಿಟ್ ತಯಾರಕರು ಕಟ್ಟಿಕೊಂಡ ಸಂಘ, 2025ರಲ್ಲಿ ಅದು ಗ್ಲೋಬಲ್ ಎಲೆಕ್ಟ್ರಾನಿಕ್ಸ್ ಅಸೋಸಿಯೇಷನ್ ಎಂದು ಹೆಸರು ಬದಲಿಸಿಕೊಂಡರೂ ಮಾನಕಗಳು ಹಳೆಯ ಹೆಸರಿನಲ್ಲೇ ಇವೆ. ಸರ್ಕಾರ ಹೇರದ, ತಯಾರಕರೇ ಕುಳಿತು ಬರೆದುಕೊಂಡ ನಿಯಮಗಳೂ ಇರುತ್ತವೆ ಎಂಬುದು ನನಗೆ ತಿಳಿದದ್ದು ಆಗಲೇ.

ವಿಷಯ ಇಷ್ಟು. ಚಿಪ್‌ನ ಕಪ್ಪು ಪ್ಲಾಸ್ಟಿಕ್ ಮೈ ಗಾಳಿಯ ತೇವವನ್ನು ನಿಧಾನವಾಗಿ ಹೀರುತ್ತದೆ. ರಿಫ್ಲೋ ಓವನ್ನಿನಲ್ಲಿ ಉಷ್ಣತೆ ಕೆಲವೇ ನಿಮಿಷಗಳಲ್ಲಿ 240 ಡಿಗ್ರಿ ದಾಟುವಾಗ ಆ ತೇವ ಒಳಗೇ ಹಬೆಯಾಗಿ, ಹೊರಹೋಗಲು ದಾರಿಯಿಲ್ಲದೆ ಪದರಗಳನ್ನು ಬೇರ್ಪಡಿಸುತ್ತದೆ, ಜೋರಾದರೆ ಮೈ ಸೀಳುತ್ತದೆ. ಅರಳು ಹುರಿಯುವಾಗ ಭತ್ತ ಸಿಡಿಯುವುದೂ ಇದೇ ಕಾರಣಕ್ಕೆ. ಆದ್ದರಿಂದ ಮಾನಕವು ಚಿಪ್‌ಗಳನ್ನು ಹಂತಗಳಾಗಿ ವಿಂಗಡಿಸಿ, ಮೊಹರಾದ ಚೀಲವನ್ನು ಒಡೆದ ಮೇಲೆ ಎಷ್ಟು ಹೊತ್ತಿನೊಳಗೆ ಬೆಸೆಯಬೇಕು ಎಂದು ಗಡುವು ಕೊಡುತ್ತದೆ. ನನ್ನ ಚಿಪ್ 3ನೇ ಹಂತದ್ದು, ಗಡುವು 168 ಗಂಟೆ, ಅಂದರೆ ಸರಿಯಾಗಿ ಒಂದು ವಾರ. ಇದು ಚೀಲದ ಮೇಲೆಯೇ ಅಚ್ಚಾಗಿತ್ತು, ನಾನು ಓದಿರಲಿಲ್ಲ. ಚಿಪ್‌ಗಳು ಪ್ಲಾಸ್ಟಿಕ್ ಟೇಪಿನಲ್ಲಿ ಸುತ್ತಿಕೊಂಡು ಬರುವ ರೀಲನ್ನು, ಚೀಲ ಒಡೆದ ಮೇಲೆ, ಜೂನ್ ಮೊದಲ ವಾರದಿಂದ ಜುಲೈ ನಡುವಿನವರೆಗೆ ಕಿಟಕಿಯ ಪಕ್ಕದ ಕಪಾಟಿನಲ್ಲಿ ಇಟ್ಟುಕೊಂಡೇ ಬಳಸಿದ್ದೆ.

ತಪ್ಪು ತಿಳಿದ ಉತ್ಸಾಹದಲ್ಲಿ ಇನ್ನೊಂದು ತಪ್ಪು ಮಾಡಿದೆ. ತೇವ ಹೀರಿದ ಚಿಪ್‌ಗಳನ್ನು 125 ಡಿಗ್ರಿಯಲ್ಲಿ ಕಾಯಿಸಿ ಒಣಗಿಸಬಹುದು ಎಂಬ ಸಾಲನ್ನು ಓದಿದವನೇ ಉಳಿದಿದ್ದ ರೀಲನ್ನು ಇಡಿಯಾಗಿ ಓವನ್ನಿಗೆ ಇಟ್ಟೆ. ಅರ್ಧ ಗಂಟೆಯಲ್ಲಿ ಪ್ಲಾಸ್ಟಿಕ್ ಟೇಪು ಕಾದ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸುರುಟಿಕೊಂಡಿತು. ಆ ಉಷ್ಣತೆ ತಾಳಬಲ್ಲ ಟ್ರೇಗಳಲ್ಲಿದ್ದರೆ ಮಾತ್ರ 125 ಡಿಗ್ರಿ, ರೀಲಿನಲ್ಲೇ ಇದ್ದರೆ 40 ಡಿಗ್ರಿಯಲ್ಲಿ, ಅದೂ ಶೇ. 5ಕ್ಕಿಂತ ಹೆಚ್ಚು ಆರ್ದ್ರತೆಯಿಲ್ಲದ ಗಾಳಿಯಲ್ಲಿ, ದಿನಗಟ್ಟಲೆ ಇಡಬೇಕೆಂದು ಅದೇ ದಾಖಲೆ ಹೇಳುತ್ತದೆ.

ಮುಂದಿನ ವರ್ಷ ಒಂದು ವಾರದ ಗಡುವನ್ನು ಕಟ್ಟುನಿಟ್ಟಾಗಿ ಪಾಲಿಸಿದೆವು, ಚೀಲ ಒಡೆದ ದಿನ, ಗಂಟೆಗಳನ್ನು ರೀಲಿನ ಮೇಲೆ ಬರೆದೆವು. ಆದರೂ ಮೂರು ಬೋರ್ಡುಗಳು ವಾಪಸು ಬಂದವು. ಆಗ ದಾಖಲೆಯನ್ನು ಮತ್ತೊಮ್ಮೆ, ಈ ಸಲ ಅಡಿಟಿಪ್ಪಣಿಗಳ ಸಮೇತ ಓದಿದೆ. 168 ಗಂಟೆಯೆಂಬುದು 30 ಡಿಗ್ರಿ ಉಷ್ಣತೆ ಮತ್ತು ಶೇ. 60 ಆರ್ದ್ರತೆ ಮೀರದ ಕೋಣೆಗೆ ಹೇಳಿದ ಲೆಕ್ಕ. ನಾನು ಆರ್ದ್ರತೆ ಅಳೆಯುವ ಒಂದು ಹೈಗ್ರೋಮೀಟರ್ ತರಿಸಿ ಗೋಡೆಗೆ ಹಾಕಿದೆ, ಆಷಾಢದ ಬೆಳಿಗ್ಗೆ ಅದು ಶೇ. 91 ತೋರಿಸಿತು. ಅಂಥ ಗಾಳಿಗೆ ಗಡುವನ್ನು ಎಷ್ಟು ಇಳಿಸಬೇಕೆಂಬ ಕೋಷ್ಟಕವೂ 033ರಲ್ಲಿದೆ, ತೆಳು ಮೈಯ ಚಿಪ್‌ಗಳಿಗೆ ಗಡುವು ಬಹಳ ಬೇಗ ಕರಗುತ್ತದೆ. ಚಿಪ್‌ಗಳ ಚೀಲದೊಳಗೆ ಬರುವ ತೇವಮಾಪಕ ಕಾರ್ಡಿನ ನೀಲಿ ಚುಕ್ಕೆ ನಮ್ಮ ಮೇಜಿನ ಮೇಲೆ ಗುಲಾಬಿಗೆ ತಿರುಗುವುದನ್ನು ನೋಡಿದಾಗ ಹುಡುಗಿಯರಿಬ್ಬರಿಗೂ ನಾನು ಬೇರೆ ವಿವರಣೆ ಕೊಡಬೇಕಾಗಲಿಲ್ಲ.

ಈಗ ದೊಡ್ಡ ಡ್ರೈ ಕ್ಯಾಬಿನೆಟ್ ಕೊಳ್ಳುವ ಶಕ್ತಿಯಿಲ್ಲದ ನಾವು ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಮತ್ತು ಒಂದು ಪುಟ್ಟ ಹೈಗ್ರೋಮೀಟರ್ ಇಟ್ಟುಕೊಂಡಿದ್ದೇವೆ. 3ನೇ ಹಂತದ ಚಿಪ್ 12 ಗಂಟೆ ಮೀರದಷ್ಟು ಮಾತ್ರ ಹೊರಗಿದ್ದರೆ, ಹೊರಗಿದ್ದ ಹೊತ್ತಿನ ಐದು ಪಟ್ಟು ಕಾಲ ಶೇ. 10ಕ್ಕಿಂತ ಕಡಿಮೆ ಆರ್ದ್ರತೆಯಲ್ಲಿಟ್ಟರೆ ಗಡುವಿನ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಆದರೆ ಆ ಸವಲತ್ತು ಕೂಡ 30 ಡಿಗ್ರಿ, ಶೇ. 60ರ ಕೋಣೆಗೇ. ಆದ್ದರಿಂದ ನಾವು ಮಳೆಗಾಲದಲ್ಲಿ ಎರಡು ಗಂಟೆಗೆ ಬೇಕಾಗುವಷ್ಟು ಚಿಪ್‌ಗಳನ್ನು ಮಾತ್ರ ಹೊರತೆಗೆಯುತ್ತೇವೆ.

ಉಪ್ಪಿನ ವಿಷಯದಲ್ಲೂ ಇಂಥದೇ ಪಾಠವಾಯಿತು. ಬೋರ್ಡಿಗೆ ಬಳಿಯುವ ರಕ್ಷಾಲೇಪನ ದಪ್ಪವಾದಷ್ಟೂ ಒಳ್ಳೆಯದೆಂದು ನಂಬಿದ್ದೆ, ಅಕ್ರಿಲಿಕ್ ಲೇಪನಕ್ಕೆ ಐಪಿಸಿಯದೇ ಇನ್ನೊಂದು ಮಾನಕವಾದ ಐಪಿಸಿ-ಎ-610 ಹೇಳುವುದು 0.03ರಿಂದ 0.13 ಮಿ.ಮೀ. ಮಾತ್ರ, ಅದಕ್ಕಿಂತ ದಪ್ಪವಾಗಿ ಬಳಿದಾಗ ನನ್ನಲ್ಲಿ ಗುಳ್ಳೆ ಉಳಿದು, ಬಿರಿದು, ನೀರಿಗೆ ದಾರಿಯಾಗುತ್ತಿತ್ತು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಉಪ್ಪುಮಂಜಿನ ಪರೀಕ್ಷೆಯನ್ನೂ ಮಾಡಿಸಿದೆ: 35 ಡಿಗ್ರಿಯಲ್ಲಿ ಶೇ. 5ರ ಉಪ್ಪು ದ್ರಾವಣದ ಮಂಜು, 96 ಗಂಟೆ. ಪೆಟ್ಟಿಗೆ ಪಾಸಾಯಿತು, ಆ ಪ್ರಮಾಣಪತ್ರವನ್ನು ತಾಂಡೇಲರಿಗೆ ತೋರಿಸಿಯೂ ಬಂದೆ. ಒಂದೇ ಬಗೆಯ ಎರಡು ವಸ್ತುಗಳಲ್ಲಿ ಯಾವುದು ಉತ್ತಮವೆಂದು ಹೋಲಿಸಲು ಆ ಪರೀಕ್ಷೆಯಿದೆಯೇ ಹೊರತು, ಸಮುದ್ರದಲ್ಲಿ ಇಂತಿಷ್ಟು ವರ್ಷ ಬಾಳುತ್ತದೆಂದು ಹೇಳಲು ಅಲ್ಲ ಎಂದು ಗೊತ್ತಾದದ್ದು ಆಮೇಲೆ. ತೋರಿಸಬಾರದಿತ್ತು.

ಇಷ್ಟಾದ ಮೇಲೆ ಉದ್ಯಮ ಸಂಘವೊಂದರ ಸದಸ್ಯನಾದೆ. ದೆಹಲಿಯಲ್ಲಿ 1967ರಿಂದ ಇರುವ ಎಲ್ಸಿನಾದಂಥ ಸಂಘಗಳಿವೆ, ಬೆಂಗಳೂರಿನಲ್ಲೂ ಹಲವು ಇವೆ, ನಾನು ಸೇರಿದ ಸಂಘದ ಹೆಸರು ಇಲ್ಲಿ ಬೇಡ. ಅದರ ವಾರ್ಷಿಕ ಭೋಜನಕೂಟ, ಪ್ರಶಸ್ತಿ, ಮಂತ್ರಿಗಳ ಭಾಷಣಗಳಿಂದ ಕಾರವಾರದ ನನ್ನಂಥವನಿಗೆ ಆದ ಲಾಭ ಬಸ್ಸಿನ ಖರ್ಚಿಗೂ ಸಾಲದು. ಆದರೆ ಬಿಐಎಸ್‌ನ ತಾಂತ್ರಿಕ ಸಮಿತಿಗಳಲ್ಲಿ ಸರ್ಕಾರ, ಪ್ರಯೋಗಾಲಯ, ಬಳಕೆದಾರರ ಜೊತೆಗೆ ಉದ್ಯಮ ಸಂಘಗಳ ಪ್ರತಿನಿಧಿಗಳೂ ಕೂರುತ್ತಾರೆ, ಮೂರು ಜನರ ಕಾರ್ಖಾನೆಯ ಮಾತು ಅಲ್ಲಿಗೆ ತಲುಪಲು ಅದೊಂದು ದಾರಿ. ಕರಡು ಮಾನಕಗಳಿಗೆ ಯಾರು ಬೇಕಾದರೂ ನೇರವಾಗಿಯೂ ಅಭಿಪ್ರಾಯ ಕಳುಹಿಸಬಹುದು.

ಪರಿಸರ ಪರೀಕ್ಷೆಗೆ ಸಂಬಂಧಿಸಿದ ಒಂದು ಕರಡು ಸಂಘದಿಂದ ನನಗೆ ಬಂದಾಗ ಗಡುವಿಗೆ ನಾಲ್ಕೇ ದಿನ ಉಳಿದಿತ್ತು. ರಾತ್ರಿ ಕುಳಿತು ಮೂರು ಪುಟ ಬರೆದೆ, ಮಳೆ, ಉಪ್ಪು, ನಿಷೇಧದ ಅವಧಿ ಎಲ್ಲವೂ ಅದರಲ್ಲಿತ್ತು. ಸಂಘದ ತಾಂತ್ರಿಕ ಉಸ್ತುವಾರಿಯವರು ಫೋನು ಮಾಡಿ, ‘ಇದು ಪ್ರಬಂಧವಾಯಿತು ಸಾರ್, ಸಮಿತಿಗೆ ಬೇಕಾದದ್ದು ಕೋಷ್ಟಕ’ ಎಂದರು. ಯಾವ ಖಂಡ, ಆಕ್ಷೇಪ ತಾಂತ್ರಿಕವೋ ಭಾಷೆಯದೋ, ಕಾರಣವೇನು, ಬದಲಿಗೆ ಬರಬೇಕಾದ ವಾಕ್ಯ ಯಾವುದು: ಇಷ್ಟೇ. ಆ ನಾಲ್ಕನೆಯ ಅಂಕಣವೇ ಕಷ್ಟದ್ದು, ದೂರುವುದು ಸುಲಭ, ಬದಲಿ ವಾಕ್ಯ ಬರೆಯಲು ಹೊರಟಾಗ ನನ್ನ ಮೂರು ಪುಟ ಎರಡು ಸಾಲಿಗೆ ಇಳಿಯಿತು.

ಉತ್ತರ ತಿಂಗಳುಗಳ ನಂತರ ಬಂತು. ಭಾಷೆಯ ತಿದ್ದುಪಡಿಯನ್ನು ಒಪ್ಪಿದ್ದರು. ತಾಂತ್ರಿಕ ಸಲಹೆಯನ್ನು ಒಪ್ಪಿರಲಿಲ್ಲ, ಏಕೆಂದರೆ ಆ ಮಾನಕ, ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಮಾನಕಗಳನ್ನು ರೂಪಿಸುವ ಜಿನೀವಾದ ಅಂತರರಾಷ್ಟ್ರೀಯ ಸಂಸ್ಥೆ ಐಇಸಿಯ ಮಾನಕದ ಯಥಾವತ್ ಅಂಗೀಕಾರವಾಗಿದ್ದು ಇಲ್ಲಿ ಅದರ ತಿರುಳನ್ನು ಬದಲಿಸುವಂತಿಲ್ಲ, ಭಾರತದ ರಾಷ್ಟ್ರೀಯ ಸಮಿತಿಯ ಮೂಲಕ ಐಇಸಿಗೇ ಸಲಹೆ ಹೋಗಬೇಕು, ಅದಕ್ಕೆ ಅಳತೆಯ ಆಧಾರ ಬೇಕು. ನನ್ನ ಬಳಿ ಇದ್ದದ್ದು ಒಂದು ಬೆಳಿಗ್ಗೆಯ ಶೇ. 91 ಮಾತ್ರ. ಅಂದಿನಿಂದ ಬೆಳಿಗ್ಗೆ ಒಂಬತ್ತಕ್ಕೆ ಮತ್ತು ಸಂಜೆ ಐದಕ್ಕೆ ಹುಡುಗಿಯರಲ್ಲಿ ಯಾರಾದರೊಬ್ಬರು ಉಷ್ಣತೆ, ಆರ್ದ್ರತೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ವಾಪಸು ಬಂದ ಬೋರ್ಡಿನ ಸಂಖ್ಯೆಯನ್ನು ಅದು ತಯಾರಾದ ದಿನದ ಸಾಲಿನೆದುರು ಕೆಂಪು ಶಾಯಿಯಲ್ಲಿ ಗುರುತಿಸುತ್ತೇವೆ. ಎರಡು ಮಳೆಗಾಲ ತುಂಬಿದೆ, ಮೂರನೆಯದು ನಡೆಯುತ್ತಿದೆ.